ಮೆಟ್ಟುಗತ್ತಿಯ ಮುಂದೊಂದು ಜಾಗ

"ಎಲ್ಲಿಗೆ ಹೋಗಿದ್ದೆ ಮಾರಾಯ, ಇಷ್ಟು ದಿನ ಕಾಣಲೇ ಇಲ್ಲ?"

ಕೇಳಿದ್ದು ಊರಿನ ಅಂಗಡಿಯವನಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಪುನಶ್ಚೇತನ ವಿಭಾಗದ ಒಂದು ಕೋಣೆಯಲ್ಲಿ ಮೇಜಿನಾಚೆ ಕೂತ ಸಮಾಜ ಕಾರ್ಯಕರ್ತೆ, ತಮ್ಮ ದನಿಯನ್ನು ಆದಷ್ಟು ಗಡುಸು ಮಾಡಿಕೊಂಡು ಅಂಗಡಿಯವನಾಗಿದ್ದಾರೆ. ಈಚೆ ಕೂತವನಿಗೆ ಮೂವತ್ತೈದರ ಆಸುಪಾಸು. ತೀರ್ಥಹಳ್ಳಿ ತಾಲ್ಲೂಕಿನವನು, ಅಡಿಕೆ ತೋಟದ ಮನೆಯವನು. ಮುಂದಿನ ವಾರ ಬಿಡುಗಡೆ.

"ಬೆಂಗಳೂರಲ್ಲಿದ್ದೆ."

"ಬೆಂಗಳೂರಲ್ಲಿ ಎಂತ ಮಾಡ್ತಿದ್ದೆ?"

ಅವನು ಗೋಡೆ ನೋಡುತ್ತಾನೆ, ಬೆರಳು ನೋಡುತ್ತಾನೆ. ಅವರು ಬಿಡುವುದಿಲ್ಲ, ಮತ್ತೆ ಮೊದಲಿನಿಂದ ಕೇಳುತ್ತಾರೆ. ಸುಳ್ಳು ಹೇಳಿದರೆ ಆ ಸುಳ್ಳನ್ನು ದಿನವೂ ಸಾಕಬೇಕು. ಎಲ್ಲವನ್ನೂ ಹೇಳಿದರೆ ಅಂಗಡಿಯವನಿಗೆ ಒಂದು ವಾರದ ಮಾತು ಸಿಕ್ಕಿತು. "ಆರಾಮಿರಲಿಲ್ಲ, ಔಷಧಿ ಮಾಡಿಸ್ಕೊಂಡು ಬಂದೆ. ಈಗ ಅಡ್ಡಿಲ್ಲ" ಎಂಬ ಮೂರು ತುಂಡು ಮಾತಿಗೆ ಬಂದು ಮುಟ್ಟುವ ಹೊತ್ತಿಗೆ ಅವನ ಅಂಗಿಯ ಬೆನ್ನು ಒದ್ದೆಯಾಗಿದೆ. "ಇಷ್ಟೇ ಸಾಕು. ಇದಕ್ಕಿಂತ ಹೆಚ್ಚು ಹೇಳಬೇಕಾದ ಸಾಲ ನಿಮಗೇನೂ ಇಲ್ಲ" ಅನ್ನುತ್ತಾರೆ ಅವರು.

ಪಕ್ಕದಲ್ಲೇ ಬೇಕರಿ. ಬಿಳಿ ಟೋಪಿ ಹಾಕಿದವರು ಬ್ರೆಡ್ಡಿನ ತಟ್ಟೆಗಳನ್ನು ಎಳೆದು ಮೇಜಿಗೆ ತರುತ್ತಾರೆ. ಹೊಲಿಗೆ, ಮರಗೆಲಸ, ನೇಯ್ಗೆ, ಮುದ್ರಣ, ಗಿಡಗಳ ಆರೈಕೆ, ಹೀಗೆ ಒಂದೊಂದು ಕೋಣೆಗೂ ಒಂದೊಂದು ಕಸುಬು. ಆವರಣದಲ್ಲಿ ಚಿಕಿತ್ಸೆ ಪಡೆಯುತ್ತಿರುವವರೇ ನಿಂತು ಕಾಫಿ, ತಿಂಡಿ ಕೊಡುವ ಕೆಫೆಯೂ ಇದೆ. ದುಡ್ಡು ಎಣಿಸಿ ಚಿಲ್ಲರೆ ಕೊಡುವುದು, ಗಿರಾಕಿ ಸಿಡುಕಿದರೆ ತಡೆದುಕೊಳ್ಳುವುದು ಅಲ್ಲಿ ಪಾಠ. ನಮ್ಮವನಿಗೆ ಸಿಕ್ಕಿದ್ದು ಬೇಕರಿ. ಬ್ರೆಡ್ ಸುಡುವುದನ್ನು ಕಲಿತು ಮಲೆನಾಡಿನ ಒಂಟಿಮನೆಗೆ ಹೋಗಿ ಏನು ಮಾಡುತ್ತಾನೆ ಎಂದು ಯಾರಿಗಾದರೂ ಅನ್ನಿಸೀತು. ನನಗೂ ಅನ್ನಿಸಿತ್ತು. ಆದರೆ ಅವನು ಅಲ್ಲಿ ಕಲಿತ ಮುಖ್ಯ ವಿದ್ಯೆ ಹಿಟ್ಟಿನದಲ್ಲ. ಹೇಳಿದ ಹೊತ್ತಿಗೆ ಏಳುವುದು, ಇನ್ನೊಬ್ಬರ ಪಕ್ಕ ಎರಡು ಗಂಟೆ ಕೂರುವುದು, ತಟ್ಟೆ ಕೈಜಾರಿ ಬಿದ್ದರೆ ಓಡಿಹೋಗದೆ ಬಗ್ಗಿ ಎತ್ತಿಡುವುದು. ಸ್ಕಿಜೋಫ್ರೇನಿಯಾ ಎಂಬ ಕಾಯಿಲೆಯಲ್ಲಿ ಕಿವಿಯೊಳಗಿನ ದನಿಗಳನ್ನು ಮಾತ್ರೆ ತಗ್ಗಿಸುತ್ತದೆ. ಹಾಸಿಗೆ ಬಿಟ್ಟು ಏಳುವ ಮನಸ್ಸನ್ನು, ಎದುರಿನವರ ಕಣ್ಣು ನೋಡಿ ಮಾತಾಡುವ ಧೈರ್ಯವನ್ನು ಅದು ಅಷ್ಟು ಸುಲಭಕ್ಕೆ ತಂದುಕೊಡುವುದಿಲ್ಲ.

ಬಿಡುಗಡೆಯ ದಿನ ಅಮ್ಮ, ಅಣ್ಣ ಬರುತ್ತಾರೆ. ಮೇಜಿನ ಮೇಲೆ ಮಾತ್ರೆಗಳ ಚೀಟಿ, ಮುಂದಿನ ಭೇಟಿಯ ದಿನಾಂಕ, ಊರಿಗೆ ಹತ್ತಿರದ ಆಸ್ಪತ್ರೆಯ ಹೆಸರು. ಇದು ಈಗ ವೈದ್ಯರ ಒಳ್ಳೆಯತನಕ್ಕೆ ಬಿಟ್ಟ ವಿಷಯವಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಿಡುಗಡೆಗೆ ಮೊದಲು ರೋಗಿಯನ್ನೂ ಮನೆಯವರನ್ನೂ ಕೂರಿಸಿಕೊಂಡು ಮುಂದಿನ ದಾರಿ ಗೊತ್ತುಮಾಡಬೇಕು ಅನ್ನುತ್ತದೆ. ಅದೇ ಕಾಯ್ದೆಯ 19ನೇ ಕಲಮು ಇನ್ನೂ ಮುಂದೆ ಹೋಗಿ, ಮನೆಯವರು ಒಲ್ಲೆ ಅಂದರು ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುವಂತಿಲ್ಲ, ಸಮಾಜದ ನಡುವೆ ಬದುಕುವುದು ಅವರ ಹಕ್ಕು ಅನ್ನುತ್ತದೆ. ಹಕ್ಕು ಹಾಳೆಯ ಮೇಲಿದೆ. ಅಣ್ಣ ಕೇಳುವ ಪ್ರಶ್ನೆ ಬೇರೆ. "ತೋಟಕ್ಕೆ ಒಬ್ಬನೇ ಹೋದ್ರೆ ಅಡ್ಡಿಲ್ವಾ ಸಾರ್?"

ಅಡ್ಡಿಲ್ಲ ಅನ್ನುತ್ತಾರೆ ಡಾಕ್ಟರು. ಅಣ್ಣನ ಮುಖ ನಂಬುವುದಿಲ್ಲ.

ರಾತ್ರಿ ಬಸ್ಸು ಶಿವಮೊಗ್ಗ ದಾಟುವಾಗ ಬೆಳಕು ಹರಿಯುತ್ತದೆ. ಸಕ್ರೆಬೈಲಿನ ಆನೆ ಬಿಡಾರ, ಮಂಡಗದ್ದೆಯ ಹಕ್ಕಿಗಳ ಮರಗಳು, ರಸ್ತೆಯ ಜೊತೆಜೊತೆಗೇ ಬರುವ ತುಂಗೆ. ಇದೇ ದಾರಿಯಲ್ಲಿ ಹೋಗುವಾಗ ಅವನನ್ನು ಬಾಡಿಗೆ ಜೀಪಿನ ಹಿಂಬದಿಯಲ್ಲಿ ಇಬ್ಬರು ಹಿಡಿದು ಕೂತಿದ್ದರು. ಆ ಇಬ್ಬರಲ್ಲಿ ಒಬ್ಬ ಈಗ ಊರಿನ ಸ್ಟಾಪಿನಲ್ಲಿ ನಿಂತಿದ್ದಾನೆ. ಒಬ್ಬರನ್ನೊಬ್ಬರು ನೋಡುತ್ತಾರೆ. "ಬಂದ್ಯಾ?" "ಬಂದೆ." ಅಭ್ಯಾಸ ಮಾಡಿಸಿದ ಉತ್ತರ ನಾಲಿಗೆಯ ತುದಿಯಲ್ಲೇ ಉಳಿಯಿತು. ಅದಕ್ಕೆ ತಕ್ಕ ಪ್ರಶ್ನೆ ಬರಲೇ ಇಲ್ಲ. ಅಮ್ಮ ಊರಿಗೆಲ್ಲ "ಬೆಂಗಳೂರಲ್ಲಿ ಬೇಕರಿ ಕೆಲಸಕ್ಕೆ ಹೋಗಿದಾನೆ" ಎಂದು ಹೇಳಿಟ್ಟಿದ್ದಳು. ನೋಡಿದರೆ, ಅದು ಪೂರ್ತಿ ಸುಳ್ಳೂ ಅಲ್ಲ.

ಮನೆ ಇದ್ದಂತೆಯೇ ಇದೆ ಅನ್ನಿಸಿದ್ದು ಮೊದಲ ಒಂದು ಗಂಟೆ ಮಾತ್ರ. ಆಮೇಲೆ ಇಲ್ಲದ ವಸ್ತುಗಳು ಒಂದೊಂದಾಗಿ ಕಾಣತೊಡಗುತ್ತವೆ. ಬಚ್ಚಲ ಹಿಂದಿನ ಗೂಟದಲ್ಲಿ ಸದಾ ತೂಗುತ್ತಿದ್ದ ಕತ್ತಿ ಇಲ್ಲ. ಕೊಳೆರೋಗದ ಔಷಧಿಗೆಂದು ತಂದಿಟ್ಟ ಮೈಲುತುತ್ತದ ಚೀಲ ಕೊಟ್ಟಿಗೆಯಿಂದ ಎದ್ದುಹೋಗಿ, ಬೀಗ ಹಾಕಿದ ಕೋಣೆ ಸೇರಿದೆ. ಬಾವಿಯ ಹಗ್ಗ ಸಂಜೆಯಾದರೆ ಒಳಗೆ ಬರುತ್ತದೆ. ಅವನ ಕೋಣೆಯ ಬಾಗಿಲಿಗೆ ಒಳಗಿನ ಚಿಲಕ ತೆಗೆದಿದ್ದಾರೆ. ನಾಲ್ಕು ಮೊಳೆಯ ತೂತುಗಳು ಉಳಿದಿವೆ. ಯಾರೂ ಏನೂ ಹೇಳುವುದಿಲ್ಲ. ಅಣ್ಣನ ಮಗಳು, ಏಳು ವರ್ಷದವಳು, "ಚಿಕ್ಕಪ್ಪ" ಎಂದು ಓಡಿಬಂದದ್ದನ್ನು ಅತ್ತಿಗೆ "ಹೋಂವರ್ಕ್ ಆಯ್ತನೇ?" ಎಂದು ಕರೆದು ತಡೆಯುತ್ತಾಳೆ. ಅವಳ ದನಿಯಲ್ಲಿ ಸಿಟ್ಟಿಲ್ಲ. ಹೆದರಿಕೆ.

ಹೆದರಿಕೆಗೆ ಕಾರಣವಿಲ್ಲದೆ ಇಲ್ಲ. ಕಾಯಿಲೆ ಏರಿದ ದಿನಗಳಲ್ಲಿ ಅವನು ಅನ್ನದಲ್ಲಿ ವಿಷ ಹಾಕಿದ್ದೀರಿ ಎಂದು ಅವಳ ಎದುರೇ ತಟ್ಟೆ ಎಸೆದಿದ್ದ. ಆ ರಾತ್ರಿ ನೆನಪಿದೆಯೇ ಎಂದು ಯಾರೂ ಅವನನ್ನು ಕೇಳಿಲ್ಲ. ಅವನಿಗೆ ನೆನಪಿದೆ. ಈಗ ಅವನು ತಟ್ಟೆಯ ಮುಂದೆ ಕೂತರೆ ಏಳುವುದಿಲ್ಲ. ಮಾತ್ರೆ ಹಸಿವು ಹೆಚ್ಚಿಸುತ್ತದೆ, ಮೈ ಬರಿಸುತ್ತದೆ, ಬೆಳಿಗ್ಗೆ ಒಂಬತ್ತರವರೆಗೆ ರೆಪ್ಪೆ ಮೇಲೇಳಲು ಬಿಡುವುದಿಲ್ಲ. ಕೈ ಸಣ್ಣಗೆ ನಡುಗುತ್ತದೆ, ಲೋಟ ತುಟಿಗೆ ಬರುವಷ್ಟರಲ್ಲಿ ಕಾಫಿ ತುಳುಕುತ್ತದೆ. ನೋಡುವವರಿಗೆ ಕಾಣುವುದು ಬೇರೆ: ಉಂಡು ಮಲಗುವ ಗಂಡಾಳು, ಅದೂ ಕೊಯ್ಲು ಹತ್ತಿರವಾದ ಹೊತ್ತಿನಲ್ಲಿ. ಹುಚ್ಚನ್ನು ಸಹಿಸುವ ಮನೆ ಸೋಮಾರಿತನವನ್ನು ಸಹಿಸುವುದಿಲ್ಲ.

ಅತ್ತಿಗೆಯ ಕಡೆಯ ಮಾತನ್ನೂ ಕೇಳಬೇಕು. ಬಚ್ಚಲ ಒಲೆಗೆ ಅಡಿಕೆ ಹಾಳೆ ತುರುಕುತ್ತಾ ಅವಳು ಹೇಳಿದ್ದು: "ಅವರಿಗೆ ಹುಷಾರಿಲ್ಲ ಅಂತ ಡಾಕ್ಟ್ರು ಎಲ್ಲರಿಗೂ ತಿಳಿಸಿ ಹೇಳಿದ್ರು. ನಾನು ಹೆಂಗಿರಬೇಕು ಅಂತ ಯಾರೂ ಹೇಳಲಿಲ್ಲ."

ಅವಳ ಈ ಪ್ರಶ್ನೆಗೆ ಲಂಡನ್ನಿನ ನಂಟಿದೆ. 1958ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಜಾರ್ಜ್ ಬ್ರೌನ್, ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಅವರ ಜೊತೆಗಾರರು ಅಲ್ಲಿನ ಮಾನಸಿಕ ಆಸ್ಪತ್ರೆಗಳಿಂದ ಮನೆಗೆ ಹೋದ ಇನ್ನೂರಕ್ಕೂ ಹೆಚ್ಚು ಗಂಡಸರ ಬೆನ್ನುಹತ್ತಿ ಹೋಗಿ ನೋಡಿದರು. ತಾಯಿ ಇಲ್ಲವೇ ಹೆಂಡತಿಯ ಜೊತೆ ಇದ್ದವರಿಗಿಂತ ಬಾಡಿಗೆ ಕೋಣೆಯಲ್ಲೋ ಅಣ್ಣತಮ್ಮಂದಿರ ಮನೆಯಲ್ಲೋ ಇದ್ದವರು ಚೆನ್ನಾಗಿ ನಿಭಾಯಿಸಿದ್ದರು. ಪ್ರೀತಿಯ ಮನೆ ಏಕೆ ಭಾರವಾಯಿತು? ಬ್ರೌನ್ ವರ್ಷಗಟ್ಟಲೆ ಇದರ ಹಿಂದೆ ಬಿದ್ದರು. ಮನೆಯವರನ್ನು ಮಾತಾಡಿಸಿ, ಧ್ವನಿಮುದ್ರಿಸಿ, ಆಡಿದ ಮಾತಿನ ಜೊತೆಗೆ ಆಡಿದ ದನಿಯನ್ನೂ ತೂಗಿದರು. ಕುಟುಕು ಮಾತು, ಹಗೆ, ಮೈಮೇಲೆ ಬಿದ್ದು ಮಾಡುವ ಅತಿ ಆರೈಕೆ: ಈ ಮೂರು ಹೆಚ್ಚಿದ್ದ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದೂ ಹೆಚ್ಚಿತ್ತು. ಅಂಥ ಮನೆಯಲ್ಲಿ ವಾರಕ್ಕೆ 35 ಗಂಟೆಗಿಂತ ಹೆಚ್ಚು ಹೊತ್ತು ಮುಖಾಮುಖಿ ಇದ್ದರೆ ಇನ್ನೂ ಕಷ್ಟ ಎಂಬ ಲೆಕ್ಕವೂ ಮುಂದಿನ ಅಧ್ಯಯನಗಳಲ್ಲಿ ಬಂತು.

ಇದರಲ್ಲೊಂದು ಸ್ವಾರಸ್ಯವಿದೆ. ಆ ಕಾರ್‌ಸ್ಟೇರ್ಸ್ ಭಾರತದಲ್ಲೇ ಹುಟ್ಟಿದವರು. ಮುಂದೆ ಡಾ. ಆರ್.ಎಲ್. ಕಪೂರ್ ಜೊತೆ ನಮ್ಮ ಕರಾವಳಿಯ ಕೋಟ ಗ್ರಾಮದ ಮನಸ್ಸುಗಳ ಬೇಗುದಿಯನ್ನು ಅಭ್ಯಾಸ ಮಾಡಿ 1976ರಲ್ಲಿ ಪುಸ್ತಕ ತಂದರು. ಈ ಅತ್ತಿಗೆಯ ಮನೆಯಿಂದ ಆಗುಂಬೆ ಘಾಟಿ ಇಳಿದರೆ ಕೋಟ ದೂರವೇನಲ್ಲ.

1980ರ ದಶಕದಲ್ಲಿ ಚಂಡೀಗಢದಲ್ಲಿ ಇದೇ ಅಳತೆಗೋಲು ಹಿಡಿದು ನೋಡಿದಾಗ ನಮ್ಮ ಮನೆಯವರು ಲಂಡನ್ನಿನವರಿಗಿಂತ ಕಡಿಮೆ ಕುಟುಕುತ್ತಾರೆ ಎಂದು ಕಂಡಿತು. ಹೆಮ್ಮೆಪಡಬೇಕಾದ್ದೇ. ಆದರೂ ನನಗೊಂದು ಅನುಮಾನ. ನಮ್ಮಲ್ಲಿ ಬೈಯುವುದಕ್ಕೆ ಬಾಯೇ ಬೇಕೆಂದಿಲ್ಲ. ಪಾತ್ರೆ ಕುಕ್ಕಿದರೆ ಸಾಕು. "ಕೆಲಸ ಮಾಡೋರಿಗೆ ಇನ್ನೂ ಕಾಫಿ ಆಗಿಲ್ಲ" ಎಂದು ಬೆಕ್ಕಿಗೆ ಹೇಳಿದರೂ ಜಗಲಿಯಲ್ಲಿ ಕೂತವನಿಗೆ ತಲುಪುತ್ತದೆ. ಇನ್ನು ಆ 35 ಗಂಟೆ! ಮಲೆನಾಡಿನ ಒಂಟಿಮನೆಯಲ್ಲಿ, ಆಚೆ ಮನೆಗೆ ಹೋಗಬೇಕಾದರೆ ಒಂದು ತೋಟ, ಒಂದು ಹಳ್ಳ, ಒಂದು ಗುಡ್ಡ ದಾಟಬೇಕಾದಲ್ಲಿ, ಅಷ್ಟು ಗಂಟೆ ಬುಧವಾರಕ್ಕೇ ಮುಗಿದುಹೋಗುತ್ತದೆ.

ಮಂಗಳವಾರ ಪೇಟೆ. ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ 'ಮನೋಚೈತನ್ಯ' ಕಾರ್ಯಕ್ರಮದ ಮನೋವೈದ್ಯರು ಬರುವ ವಾರ ಅದು. ಜ್ವರದ ಮಕ್ಕಳ ಸಾಲು, ಸಕ್ಕರೆ ಕಾಯಿಲೆಯವರ ಸಾಲು, ಅದರ ಪಕ್ಕ ಇನ್ನೊಂದು. ಯಾವ ಸಾಲಿನದು ಯಾವ ಕಾಯಿಲೆ ಎಂದು ಎಲ್ಲರಿಗೂ ಗೊತ್ತು. ಹಾಗಾಗಿ ಕೆಲವರು ಸಕ್ಕರೆ ಕಾಯಿಲೆಯ ಬೆಂಚಿನಲ್ಲೇ ಕೂತು, ಹೆಸರು ಕೂಗಿದಾಗ ಮಾತ್ರ ಈಚೆ ಬರುತ್ತಾರೆ. ಒಬ್ಬ ಮುದುಕಿ ಮಗನ ಮಾತ್ರೆ ಒಯ್ಯಲು ಬಂದಿದ್ದಾಳೆ. ಮಗ ಗೇಟಿನ ಹೊರಗೆ ಬೈಕಿಗೆ ಒರಗಿ ನಿಂತಿದ್ದಾನೆ, ಒಳಗೆ ಬರಲೊಲ್ಲ. ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಸೊಂಟಕ್ಕೆ ಸೂಜಿ ಹಾಕಿಸಿಕೊಂಡು ಹೋಗುವವರಿದ್ದಾರೆ. ದಿನದಿನ ಮಾತ್ರೆ ನುಂಗುವ ಜಗಳ ಅವರಿಗಿಲ್ಲ. ನರ್ಸು ರಕ್ತದೊತ್ತಡ ನೋಡಲು ತೋಳು ಬಿಚ್ಚಿಸಿದರೆ ಕರಿದಾರದ ತಾಯಿತ ಅಡ್ಡ ಬರುತ್ತದೆ. ಅವರು ಅದನ್ನು ಬಿಚ್ಚಿಸದೆ ತುಸು ಮೇಲೆ ಸರಿಸಿ ಪಟ್ಟಿ ಸುತ್ತುತ್ತಾರೆ. ದೈವಕ್ಕೂ ಡಾಕ್ಟರಿಗೂ ಇಲ್ಲಿ ತಕರಾರಿಲ್ಲ.

ಹೀಗೆ ಮದ್ದು ಊರಿನ ಹತ್ತಿರಕ್ಕೆ ಬಂದದ್ದರ ಹಿಂದೆ ಕರ್ನಾಟಕದ್ದೇ ಒಂದು ಚರಿತ್ರೆಯಿದೆ. 1985ರಿಂದ ಐದು ವರ್ಷ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡಿಸಿತು. 1996ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ತೀರ್ಥಹಳ್ಳಿ ತಾಲ್ಲೂಕಂತೂ ಮನೋವೈದ್ಯರ ಪುಸ್ತಕಗಳಲ್ಲೇ ಬರುತ್ತದೆ. 2005ರ ಹೊತ್ತಿಗೆ ಡಾ. ಜಗದೀಶ ತೀರ್ಥಹಳ್ಳಿ ಮತ್ತು ನಿಮ್ಹಾನ್ಸ್‌ನ ಅವರ ತಂಡ ಇಲ್ಲಿ ಸ್ಕಿಜೋಫ್ರೇನಿಯಾ ಇದ್ದವರನ್ನು ಮನೆಮನೆಗೆ ಹುಡುಕಿ ಗುರುತಿಸಿ, ಅವರಿಗೆ ಇಲ್ಲೇ ಮದ್ದು ಸಿಗುವಂತೆ ಮಾಡಿ, ವರ್ಷಗಟ್ಟಲೆ ಜೊತೆಗೆ ನಡೆಯಿತು. ಮದ್ದು ತೆಗೆದುಕೊಂಡವರ ಅಸಾಮರ್ಥ್ಯ ಕಾಲ ಸರಿದಂತೆ ತಗ್ಗಿತು, ತೆಗೆದುಕೊಳ್ಳದವರದು ಇದ್ದಲ್ಲೇ ಇತ್ತು.

ಅಸಾಮರ್ಥ್ಯವನ್ನು ಅಳೆಯುವುದು ಹೇಗೆ? ಅದಕ್ಕೊಂದು ಸರ್ಕಾರಿ ಮಾಪನವಿದೆ: ತನ್ನನ್ನು ತಾನು ನೋಡಿಕೊಳ್ಳುವುದು, ಜನರೊಡನೆ ಬೆರೆಯುವುದು, ಮಾತುಕತೆ, ಕೆಲಸ, ಪ್ರತಿಯೊಂದಕ್ಕೂ ಅಂಕ, ಜೊತೆಗೆ ಕಾಯಿಲೆಯ ವರ್ಷಗಳ ಲೆಕ್ಕ. ಶೇ. 40 ಮುಟ್ಟಿದರೆ ಪ್ರಮಾಣಪತ್ರ, ಅದರ ಹಿಂದೆ ಸವಲತ್ತು. ಅಣ್ಣ ಆ ಕಾಗದಕ್ಕಾಗಿ ಓಡಾಡುತ್ತಿದ್ದಾನೆ. ಶೇವಿಂಗ್ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿ ಹೊರಟ ತಮ್ಮನನ್ನು ಕಂಡು "ಇವತ್ತೊಂದಿನ ಹಂಗೇ ಬರ್ಬಾರ್ದಿತ್ತನಾ?" ಎಂದು ಗೊಣಗಿದ್ದನ್ನು ನಾನೇ ಕೇಳಿದೆ. ಚೇತರಿಸಿಕೊಂಡದ್ದಕ್ಕೆ ದಂಡ ತೆರಬೇಕಾದ ಈ ಲೆಕ್ಕಾಚಾರ ಯಾರ ತಲೆಯಿಂದ ಬಂತೋ!

ಇವನಿಗೆ ಬರಲೊಂದು ಮನೆಯಾದರೂ ಇತ್ತು. ಹೆಂಗಸರ ವಿಷಯ ಬೇರೆಯೇ. ಹೆಂಡತಿಗೆ ಕಾಯಿಲೆ ಎಂದಕೂಡಲೇ ಗಂಡನ ಮನೆ ಬಾಗಿಲು ಹಾಕಿಕೊಳ್ಳುವುದು, ತವರಲ್ಲಿ ಅಣ್ಣನ ಸಂಸಾರ ಮುಖ ತಿರುಗಿಸುವುದು ಯಾವ ವಾರ್ಡಿನ ದಾದಿಯನ್ನು ಕೇಳಿದರೂ ಸಿಗುವ ಕಥೆ. ಕೊಟ್ಟ ವಿಳಾಸಕ್ಕೆ ಹೋದರೆ ಮನೆಯೇ ಇರುವುದಿಲ್ಲ, ಫೋನ್ ನಂಬರು ಬೇರೆ ಯಾರದೋ. ಅಂಥವರಿಗಾಗಿ ಆಸ್ಪತ್ರೆಗೂ ಮನೆಗೂ ನಡುವಿನ ತಂಗುಮನೆಗಳು ಹುಟ್ಟಿದವು. ಬೆಂಗಳೂರಿನಲ್ಲಿ ಮೆಡಿಕೊ ಪ್ಯಾಸ್ಟೊರಲ್ ಅಸೋಸಿಯೇಷನ್, ರಿಚ್ಮಂಡ್ ಫೆಲೋಶಿಪ್ ಸೊಸೈಟಿ ದಶಕಗಳಿಂದ ಇವನ್ನು ನಡೆಸಿಕೊಂಡು ಬಂದಿವೆ. ಚೆನ್ನೈನ 'ಬ್ಯಾನ್ಯನ್' ಸಂಸ್ಥೆ 2015ರಿಂದ ಇನ್ನೊಂದು ಹೆಜ್ಜೆ ಇಟ್ಟಿತು. ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಉಳಿದ ನಾಲ್ಕೈದು ಹೆಂಗಸರಿಗೆ ಸಾಮಾನ್ಯ ಬೀದಿಯಲ್ಲೇ ಒಂದು ಬಾಡಿಗೆ ಮನೆ, ನೋಡಿಕೊಳ್ಳಲು ಒಬ್ಬ ಸಹಾಯಕಿ. ಇವತ್ತು ಸಾಂಬಾರಿಗೆ ಏನು ಹಾಕುವುದು ಎಂದು ತೀರ್ಮಾನಿಸುವವರು ಅವರೇ. ಹತ್ತು ವರ್ಷ ತಟ್ಟೆಗೆ ಬಿದ್ದದ್ದನ್ನು ಉಂಡವರಿಗೆ ಅದೇನು ಸಣ್ಣ ಅಧಿಕಾರವೇ?

ನಮ್ಮವನ ಮನೆಯಲ್ಲಿ ದೀಪಾವಳಿ ಕಳೆದು ಅಡಿಕೆ ಕೊಯ್ಲು ಶುರುವಾಗಿದೆ. ಹಗಲೆಲ್ಲ ಕೊನೆಗಾರ ಮರದಿಂದ ಮರಕ್ಕೆ ಹಾಯುತ್ತಾನೆ. ಸಂಜೆಗೆ ಅಂಗಳದ ಚಪ್ಪರದಡಿ ಹಸಿರು ಗೊನೆಗಳ ರಾಶಿ. ಕತ್ತಲಾಗುತ್ತಲೇ ಸುಲಿತ. ಹತ್ತಾರು ಮೆಟ್ಟುಗತ್ತಿಗಳು ಸಾಲಾಗಿ ಕೂರುತ್ತವೆ. ಮಣೆಯನ್ನು ಕಾಲಲ್ಲಿ ಮೆಟ್ಟಿ ಹಿಡಿದು, ನೆಟ್ಟ ಅಲಗಿಗೆ ಕಾಯಿ ಒತ್ತಿದರೆ ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ. ಡಬ್ಬದ ಲೆಕ್ಕದಲ್ಲಿ ಕೂಲಿ. ಬೆರಳುಗಳೆಲ್ಲ ಚೊಗರಿಗೆ ಕಪ್ಪು. ಮಾತು ಮಾತ್ರ ನಿಲ್ಲುವುದಿಲ್ಲ: ಯಾರ ಮನೆ ಹಸು ಕರು ಹಾಕಿತು, ಯಾರ ಮಗಳು ಯಾರ ಜೊತೆ ಬೈಕಿನಲ್ಲಿ ಕಂಡಳು, ರಾಶಿ ಇಡಿಗೆ ಶಿವಮೊಗ್ಗದಲ್ಲಿ ಇವತ್ತೆಷ್ಟು. ಎಷ್ಟೋ ಮನೆಗಳಿಗೆ ಈಗ ಸುಲಿಯುವ ಯಂತ್ರ ಬಂದಿದೆ. ಕೆಲಸ ಬೇಗ ಮುಗಿಯುತ್ತದೆ, ಆಳು ಸಿಗದ ಕಾಲಕ್ಕೆ ಅದು ಬೇಕೂ ಬೇಕು. ಆದರೆ ಯಂತ್ರದ ಪಕ್ಕ ಕೂತು ಯಾರೂ ಸುದ್ದಿ ಹೇಳುವುದಿಲ್ಲ. ಮೆಲ್ಲಗೆ ಕೆಲಸ ಮಾಡುವವನಿಗೂ ಸಾಲಿನಲ್ಲೊಂದು ಜಾಗವಿರುತ್ತಿದ್ದದ್ದು ಹೋಯಿತು. ಈ ಮನೆಗೆ ಅದಿನ್ನೂ ಬಂದಿಲ್ಲ.

ಸುಲಿತದ ಯಜಮಾನಿಕೆ ಮನೆಯ ಅಜ್ಜಿಯದು. ಮೊದಲ ದಿನ ಅವಳು ಮೊಮ್ಮಗನನ್ನು ಕರೆದು ಗೊನೆಯಿಂದ ಕಾಯಿ ಉದುರಿಸಲು ಕೂರಿಸಿದಳು. ಅಲಗಿಲ್ಲದ ಕೆಲಸ. ಒಂದು ಗಂಟೆ ಕೂತ, ಎದ್ದುಹೋಗಿ ಮಲಗಿದ. ಯಾರೂ ಕರೆಯಬೇಡಿ ಅಂದಳು. ಮರುದಿನ ಎರಡು ಗಂಟೆ. ನಾಲ್ಕನೆಯ ದಿನ ಸುಲಿದ ಅಡಿಕೆಯಲ್ಲಿ ಹಣ್ಣು, ಹಸಿ ಬೇರೆ ಮಾಡುವ ಕೆಲಸ. ಬೇಕರಿಯಲ್ಲಿ ತಜ್ಞರು ಹೆಜ್ಜೆ ಹೆಜ್ಜೆಯಾಗಿ ಯೋಜನೆ ಹಾಕಿ ಮಾಡಿಸಿದ್ದನ್ನೇ ಅವಳು ಎಲೆಅಡಿಕೆ ಜಗಿಯುತ್ತಾ ಮಾಡಿಸಿದಳು. ಅಷ್ಟರಲ್ಲಿ ಮಂಗಳವಾರದ ಡಾಕ್ಟರು ಮಾತ್ರೆಯ ಅಳತೆ ಇಳಿಸಿ, ನಡುಕಕ್ಕೆ ಇನ್ನೊಂದು ಸೇರಿಸಿದ್ದರು. ಲೋಟ ತುಳುಕುವುದು ನಿಂತಿತ್ತು.

ಒಂದು ರಾತ್ರಿ ಸಾಲಿನಲ್ಲಿ ಒಬ್ಬಳು ಬರಲಿಲ್ಲ. ಅವಳ ಮೆಟ್ಟುಗತ್ತಿ ಖಾಲಿ ಕೂತಿತ್ತು. ಅಜ್ಜಿ ಯಾರ ಕಡೆಗೂ ನೋಡದೆ, "ಅಪ್ಪಿ, ಅಲ್ಲಿ ಕೂರು" ಅಂದಳು.

ಮಾತು ನಿಂತಿತು. ಅಣ್ಣ ಜಗಲಿಯಿಂದ ಒಂದು ಹೆಜ್ಜೆ ಇಳಿದ. ಅತ್ತಿಗೆ ಮಗಳನ್ನು ಹತ್ತಿರ ಎಳೆದುಕೊಂಡಳು. ಅವನು ಬಂದು ಕೂತ, ಮಣೆ ಮೆಟ್ಟಿದ, ಒಂದು ಕಾಯಿ ತೆಗೆದು ಅಲಗಿನ ನೇರಕ್ಕೆ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದ. ಒತ್ತಿದ. ಸಿಪ್ಪೆ ಪೂರ್ತಿ ಬಿಡಲಿಲ್ಲ. "ಎಂತ ಅಣ್ಣ, ಬೆಂಗಳೂರಿಗೆ ಹೋಗಿ ಸುಲಿಯೋದೇ ಮರ್ತ್ಯನಾ?" ಎಂದು ಪಕ್ಕದವಳು ನಕ್ಕಳು. "ಅಲ್ಲಿ ಬ್ರೆಡ್ ಸುಟ್ಟಿದ್ದೆ" ಅಂದ ಅವನು. ಅಭ್ಯಾಸ ಮಾಡಿಸಿದ ಉತ್ತರವಲ್ಲ ಅದು. ಎರಡನೆಯ ಕಾಯಿ ಸರಿಯಾಗಿ ಬಿಟ್ಟಿತು. ಸಾಲಿನ ಆಚೆ ತುದಿಯಿಂದ ಯಾರೋ ಬೈಕಿನ ಸುದ್ದಿಯನ್ನು ಬಿಟ್ಟಲ್ಲಿಂದ ಎತ್ತಿಕೊಂಡರು.

ಆಮೇಲಿನ ದಿನಗಳಲ್ಲಿ ಎಲ್ಲವೂ ನೆಟ್ಟಗಾಯಿತು ಎಂದೇನಲ್ಲ. ಒಂದು ವಾರ ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡು ಉಗುಳಿದ; ನಿದ್ದೆಗೆಟ್ಟ ಕಣ್ಣು ಕಂಡು ಆಶಾ ಕಾರ್ಯಕರ್ತೆಯೇ ಪತ್ತೆ ಹಚ್ಚಿದಳು. ಕೋಣೆಯ ಚಿಲಕ ಇನ್ನೂ ಬಂದಿಲ್ಲ. ಮೈಲುತುತ್ತದ ಚೀಲ ಬೀಗದ ಕೋಣೆಯಲ್ಲೇ ಇದೆ, ಅದು ಅಲ್ಲಿರುವುದು ಯಾವ ಮನೆಗೂ ಒಳ್ಳೆಯದೇ. ಆದರೆ ಬೆಳಗಿನ ಎಂಟು ಗಂಟೆಗೆ ಅವನು ಚಪ್ಪರ ಹತ್ತಿ ಬೇಯಿಸಿದ ಅಡಿಕೆ ಹರವುತ್ತಾನೆ. ಆ ಹೊತ್ತಿಗೆ ಅತ್ತಿಗೆ ಕಾಫಿ ಲೋಟವನ್ನು ಮಗಳ ಕೈಯಲ್ಲೇ ಕಳಿಸುತ್ತಾಳೆ.

ಕೂಲಿ ಬಟವಾಡೆಯ ದಿನ. ಅಣ್ಣ ಪುಸ್ತಕ ನೋಡಿ, ನಿನ್ನೆಯ ಬಾಬ್ತು ತಮ್ಮನ ಹೆಸರಿಗೆ ಆರು ಡಬ್ಬ ಎಂದು ಓದಿದ. ತಮ್ಮನಿಗೂ ಉಳಿದವರ ಹಾಗೆಯೇ ಡಬ್ಬದ ಲೆಕ್ಕ ಎಂದು ಅಜ್ಜಿ ಮೊದಲೇ ಗೊತ್ತುಮಾಡಿದ್ದಳು.

"ಆರಲ್ಲ, ಏಳು."

"ಬರೆದಿದ್ದು ಆರೇ ಇದೆ."

"ಬರೆದವನು ನೀನು. ಸುಲಿದವನು ನಾನು."

ಅಣ್ಣ ತಟ್ಟನೆ ದನಿ ಇಳಿಸಿ, ಆಸ್ಪತ್ರೆಯಲ್ಲಿ ಹೇಳಿಕೊಟ್ಟಂತೆ "ಆಯ್ತು, ಆಯ್ತು, ಏಳೇ ಇರಲಿ" ಎಂದು ಸಮಾಧಾನಕ್ಕೆ ಹೊರಟ. ಅತ್ತಿಗೆ ಒಳಗಿನಿಂದ ಬಂದವಳು, "ಎಂತಕ್ಕೆ ಏಳು? ಆರನೇದು ತುಂಬೋ ಹೊತ್ತಿಗೆ ನಾನೇ ಕಾಫಿ ತಂದಿದ್ದೆ, ಆಮೇಲೆ ನೀವು ಎದ್ದೋದ್ರಿ" ಎಂದು ನೇರ ಮೈದುನನಿಗೇ ತಿರುಗಿ ಹೇಳಿದಳು. "ಕಾಫಿ ಕುಡ್ದು ಮತ್ತೆ ಕೂತಿದ್ದೆ ಅತ್ತಿಗೆ, ಬೇಕಾದ್ರೆ ಅಜ್ಜಿನ ಕೇಳಿ." ಪಕ್ಕದ ಮಣೆಯವಳು ಅವನ ಕಡೆ, ಕೊನೆಗಾರ ಅತ್ತಿಗೆಯ ಕಡೆ. ಅಜ್ಜಿ ಎಲೆಅಡಿಕೆ ಉಗಿದು ಬಂದು ಆರೂವರೆ ಎಂದು ತೀರ್ಪು ಕೊಟ್ಟಳು. ದುಡ್ಡನ್ನು ಅತ್ತಿಗೆಯೇ ಎಣಿಸಿ ಅವನ ಕೈಗೆ ಹಾಕಿದಳು. ಅವನು ಅಲ್ಲೇ ನಿಂತು ಮತ್ತೊಮ್ಮೆ ಎಣಿಸಿದ. ಅರ್ಧ ಡಬ್ಬದ ತಕರಾರು ಮರುದಿನ ಕಾಫಿಯ ಹೊತ್ತಿಗೂ ಮುಗಿದಿರಲಿಲ್ಲ.